ಮಿಶ್ರರು ಕಡಿಮೆ ಬಿದ್ದ ಓಣಿ

ನನ್ನನ್ನು ಸೋದರಮಾವನಿಗೇ ಕೊಡುವುದೆಂದು ಅಜ್ಜಿ ತೀರ್ಮಾನಿಸಿದ ವರ್ಷವೇ ನಾನು ಎಂಎಸ್ಸಿ ಪ್ರಾಜೆಕ್ಟಿಗೆಂದು ಇಚಲಕರಂಜಿಯ ನಮ್ಮ ಮಗ್ಗದ ಓಣಿಯವರ ಬೆರಳು ಚುಚ್ಚುತ್ತ ತಿರುಗಿದೆ. ರಕ್ತದಲ್ಲಿ ಎಂ, ಎನ್ ಎಂಬ ಎರಡು ಗುಣಗಳಿವೆ. ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ. ಎರಡೂ ಬೇರೆಬೇರೆ ಬಂದವರು ಮಿಶ್ರರು. ಯಾರು ಯಾರನ್ನಾದರೂ ಮದುವೆಯಾಗುವ ಊರಾದರೆ ಮಿಶ್ರರು ಎಷ್ಟಿರಬೇಕೆಂದು ಲೆಕ್ಕ ಹಾಕಬಹುದು. ನಮ್ಮ ಓಣಿಯಲ್ಲಿ ಅವರು ಬಹಳ ಕಡಿಮೆ ಬಿದ್ದರು.

ಕೊಲ್ಹಾಪುರದ ಗೈಡ್ ಸರ್ ಕುರ್ಚಿಯಿಂದ ಎದ್ದೇಬಿಟ್ಟರು. "ನಿಸರ್ಗದ ಆಯ್ಕೆ! ಮಿಶ್ರರನ್ನು ನಿಸರ್ಗ ತೆಗೆದುಹಾಕುತ್ತಿದೆ!" ಎಂದು ಮರಾಠಿಯಲ್ಲಿ ಕೂಗಿ ಪೇಢೆ ತರಿಸಿದರು. ನನಗೆ ಮೈಯೆಲ್ಲ ಉರಿಯಿತು. ಜನ ಸಾಯುತ್ತಿದ್ದಾರೆಂದು ಪೇಢೆ ಹಂಚುತ್ತಾರೆಯೇ? ನಮ್ಮಲ್ಲಿ ಮಿಶ್ರರು ಸತ್ತಿರಲಿಲ್ಲ, ಹುಟ್ಟಿದ್ದೇ ಕಡಿಮೆ. ಅಕ್ಕನ ಮಗಳು ತಮ್ಮನಿಗೆ, ಮಾವನ ಮಗಳು ಅತ್ತೆಯ ಮಗನಿಗೆ! ಹೀಗೆ ಒಳಗೊಳಗೇ ಕೊಟ್ಟು ತಂದರೆ ಮಗುವಿಗೆ ಎರಡೂ ಕಡೆಯಿಂದ ಒಂದೇ ಗುಣ ಬರುವುದು ಹೆಚ್ಚು. ಅಲ್ಲಿ ಆಯ್ಕೆ ಮಾಡುವುದು ನಿಸರ್ಗವಲ್ಲ, ನನ್ನ ಅಜ್ಜಿಯಂಥವರು. ಅದನ್ನೇ ಹೇಳಿದೆ. ಸರ್ ಪೇಢೆಯ ಡಬ್ಬಿ ಮುಚ್ಚಿದರು.

ಆ ಭಾನುವಾರ ಮಾತು ಪಕ್ಕಾ ಮಾಡಲು ಗಡಹಿಂಗ್ಲಜದಿಂದ ಮಾಮಾ ಬಂದ. ಅಲ್ಲಿ ಅವನದು ಟೈರಿನ ಅಂಗಡಿ. ನಾನು ಧೈರ್ಯ ಮಾಡಿದೆ.

"ಅಜ್ಜಿ, ಒಳಗೊಳಗ ಕೊಟ್ಟು ತಗೊಂಡ್ರ ಹುಟ್ಟೂ ಕೂಸಿಗೆ ರೋಗ ಬರಬಹುದು. ರಕ್ತದ ಲೆಕ್ಕ ನೋಡೇನಿ. ನಾ ಮಾಮಾನ್ನ ಮಾಡ್ಕೊಳ್ಳಂಗಿಲ್ಲ."

"ನಿನ್ನ ಲೆಕ್ಕದ ಬಾಯಾಗ ಮಣ್ಣ ಹಾಕ! ಹಂಗಾರ ದಾರ್ಯಾಗ ಸಿಕ್ಕಾವನ್ನ ಮಾಡ್ಕೊಳ್ತಿಯೇನ?"

"ಮಾಮಾ, ನೀನರ ಹೇಳಲಾ!"

"ಅವ್ವ ಹೆಂಗ ಹೇಳ್ತಾಳ ಹಂಗ," ಎಂದ ಮಾಮಾ, ಮೊಬೈಲಿನಿಂದ ಕಣ್ಣೆತ್ತದೆ.

ಅಜ್ಜಿ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಸೇರಿಸಿ ಬಾಯಿಗೆ ಹಾಕಿಕೊಂಡಳು.

"ಆ ಲೆಕ್ಕದಾಗ ನಿನ್ನ ರಕ್ತಾನೂ ಐತೇನ?"

"ಐತಿ."

"ಆತ ಬಿಡು. ದೋಷ ಐತಿ ಅಂತ ನೀನ ಹೇಳಾಕತ್ತಿ, ಬ್ಯಾಡ."

ಅಬ್ಬಾ! ಕುಣಿಯಬೇಕೆನಿಸಿತು. ವಿಜ್ಞಾನ ಗೆದ್ದಿತೆಂದೇ ತಿಳಿದೆ. ಅಜ್ಜಿ ಅಡುಗೆಮನೆಯತ್ತ ತಿರುಗಿದಳು. ಅಲ್ಲಿ ಬಿಎ ಓದುತ್ತಿದ್ದ ನನ್ನ ತಂಗಿ ರೊಟ್ಟಿ ಬಡಿಯುತ್ತಿದ್ದಳು. ಸೂಜಿ ಕಂಡರೆ ಓಡುವ ಹುಡುಗಿ. ಅವಳ ಬೆರಳು ನನಗೆ ಸಿಕ್ಕಿರಲಿಲ್ಲ.

"ಸಣ್ಣಾಕಿನ್ನ ಕೊಡೂನು," ಎಂದಳು ಅಜ್ಜಿ. "ಆಕಿ ರಕ್ತ ಯಾರೂ ತಪಾಸ ಮಾಡಿಲ್ಲ. ಆಕೀಗೆ ಏನೂ ದೋಷ ಇಲ್ಲ."

ಮಾಮಾ ತಲೆಯಾಡಿಸಿದ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ತಂಗಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಎಲ್ಲರೆದುರೇ ನನ್ನ ಮುಂದೆ ಬೆರಳು ಚಾಚಿದಳು.

"ಅಕ್ಕಾ, ಸೂಜಿ ತಗಿ. ಲಗೂನ ಚುಚ್ಚು."