ಬೇರೆಯವರ ಗಂಟು

೧೯೮೪ರ ಆಗಸ್ಟ್ ಹತ್ತು, ಶುಕ್ರವಾರ. ಗಾಳಿಯಿಲ್ಲ, ಉಪ್ಪು ಸೆಕೆ. ಗಲ್ಫಿನ ಮಾಹೂಝ್‌ನ ನನ್ನ ಕೋಣೆಯ ಏಸಿ ಕೆಟ್ಟು ಮೂರು ದಿನವಾಗಿತ್ತು. ರಿಪೇರಿಗೆ ಬಂದ ಖಿದಿರ್, ಉತ್ತರ ಇರಾಕಿನ ಯಜೀದಿ ಪಂಥದವ, ಭಾರದ ಪೆಟ್ಟಿಗೆ ಹೊತ್ತಿದ್ದರೂ ಹೊಸ್ತಿಲು ತುಳಿಯದೆ ದಾಟಿದ. ನನ್ನಮ್ಮನೂ ತುಳಿಯಬಿಡುತ್ತಿರಲಿಲ್ಲ ಎಂದೆ.

ಕೆಲಸ ಮುಗಿಸಿ ಹರಕು ಹಿಂದಿಯಲ್ಲಿ ಹೇಳಿದ: "ನಮ್ಮ ಲಾಲಿಶ್ ಗುಡಿಯಲ್ಲೂ ಹಾಗೇ, ಸಾಬ್. ಒಳಗೆ ಕಂಬಗಳಿಗೆ ರೇಷ್ಮೆ ಬಟ್ಟೆ ಸುತ್ತಿರುತ್ತಾರೆ. ಮೊದಲು ಅದರಲ್ಲಿ ಬೇರೆಯವರು ಹಾಕಿದ ಗಂಟು ಬಿಚ್ಚಬೇಕು. ಆಗ ಅವರ ಬೇಡಿಕೆ ಈಡೇರುತ್ತದೆ. ಆಮೇಲೆ ನಮ್ಮದು ಕಟ್ಟಬೇಕು."

"ನೀನು ಕಟ್ಟಿದ್ದೀಯಾ?"

"ತಮ್ಮ ಯುದ್ಧದಿಂದ ವಾಪಸು ಬರಲಿ ಅಂತ. ಯಾರಾದರೂ ಬಿಚ್ಚಿದರೋ ಇಲ್ಲವೋ! ನೋಡಲು ಹೋದರೆ ನನ್ನನ್ನೂ ಯುದ್ಧಕ್ಕೆ ಹಿಡಿಯುತ್ತಾರೆ."

ಎಷ್ಟಾಯಿತು ಎಂದೆ.

"ದುಡ್ಡು ಬೇಡ. ಊರಿಗೆ ಹೋದಾಗ ನಿಮ್ಮ ಗುಡಿಯಲ್ಲಿ ಯಾರದಾದರೂ ಒಂದು ಗಂಟು ಬಿಚ್ಚಿ. ಅಲ್ಲಿ ನನ್ನದನ್ನು ಯಾರೋ ಬಿಚ್ಚುತ್ತಾರೆ."

ನಮ್ಮಲ್ಲಿ ಕಟ್ಟಿದವರೇ ಬಿಚ್ಚಬೇಕು ಎನ್ನದೆ, ಆಗಲಿ ಎಂದೆ.

ರಜೆಯಲ್ಲಿ ಊರಿನ ಅಶ್ವತ್ಥಕಟ್ಟೆಯಲ್ಲಿ, ಯಾರೂ ಇಲ್ಲವೆಂದು ನೋಡಿಕೊಂಡು, ಬಣ್ಣ ಮಾಸಿದ ಒಂದು ಗಂಟು ಬಿಚ್ಚಿದೆ. ಹಿಂದಿನಿಂದ ಮುದುಕಿಯೊಬ್ಬಳ ದನಿ: "ಎಂತ ಮಾರಾಯ್ರೆ, ಬೇರೆಯವರ ಹರಕೆ ಬಿಚ್ಚುದಾ? ಗಲ್ಫಿನಲ್ಲಿ ಇದನ್ನೇ ಕಲ್ತದ್ದಾ?" ತಲೆ ತಗ್ಗಿಸಿ ಬಂದೆ.

ಮರಳಿದ ಮೇಲೆ ಖಿದಿರ್ ಸಿಕ್ಕಿದ. ತಮ್ಮನ ಸುದ್ದಿ ಇನ್ನೂ ಬಂದಿರಲಿಲ್ಲ.

"ಬಿಚ್ಚಿದಿರಾ?"

"ಬಿಚ್ಚಿದೆ. ಚೆನ್ನಾಗಿ ಬೈಸಿಕೊಂಡೆ."

"ನಾನು ಕೇಳಿದ್ದು ಗಂಟು ಮಾತ್ರ, ಸಾಬ್. ನೀವು ಕೂಲಿ ಹೆಚ್ಚು ಕೊಟ್ಟಿರಿ."