ಜೂನ್ ಒಂದರಂದು ಹುಟ್ಟಿದವರು

ನಾನು ಹುಟ್ಟಿದ್ದು ದೀಪಾವಳಿ ಪಾಡ್ಯದ ದಿನ. ಪಾಸ್‌ಪೋರ್ಟಿನಲ್ಲಿ ಮಾತ್ರ ಜೂನ್ ಒಂದು. ಶಾಲೆಗೆ ಸೇರಿಸುವಾಗ ಅಪ್ಪನಿಗೆ ತಾರೀಖು ನೆನಪಿರಲಿಲ್ಲ. ಹೆಡ್ ಮಾಸ್ತರರು ತಲೆ ಕೆಡಿಸಿಕೊಳ್ಳದೆ ಜೂನ್ ಒಂದು ಎಂದು ಗೀಚಿದರು. ನಮ್ಮ ಕ್ಲಾಸಿನ ಅರ್ಧ ಮಕ್ಕಳು ಅದೇ ದಿನ ಹುಟ್ಟಿದವರು! ಅಮೆರಿಕದ ಸಮರ್‌ಸೆಟ್‌ಗೆ ಬಂದ ಮೇಲೂ ಪ್ರತಿ ಜೂನ್ ಒಂದಕ್ಕೆ ಮಗಳು ಕೇಕ್ ತರುತ್ತಿದ್ದಳು, ನಾನು ಮುಖ ಸಿಂಡರಿಸಿಕೊಂಡು ಮೇಣದಬತ್ತಿ ಊದುತ್ತಿದ್ದೆ. ಕಾರಣ ಹೇಳಿರಲಿಲ್ಲ.

ಮಗಳು ವಲಸೆ ಕೇಸುಗಳ ವಕೀಲೆ. ಆ ವರ್ಷ ನಮ್ಮ ಧಾರವಾಡದ ಕಡೆಯ ಹುಡುಗಿಯೊಬ್ಬಳ ಕೇಸು ಹಿಡಿದಿದ್ದಳು. ಬೇರೆ ಜಾತಿಯವನನ್ನು ಮದುವೆಯಾದಳೆಂದು ಅಣ್ಣಂದಿರು ಗಂಡನನ್ನು ಕೊಂದಿದ್ದರು, ಅವಳನ್ನೂ ಹುಡುಕುತ್ತಿದ್ದರು. ನ್ಯೂಯಾರ್ಕ್ ಹತ್ತಿರದ ಹಿಕ್ಸ್‌ವಿಲ್‌ನಲ್ಲಿ ಬಾಡಿಗೆ ಕೋಣೆಯಲ್ಲಿದ್ದಳು. ಅರ್ಜಿ ತಡವಾಗಿದ್ದರಿಂದ ಅವಳಿಗೆ ಆಶ್ರಯ ಸಿಗುವಂತಿರಲಿಲ್ಲ. ಜೀವಕ್ಕೆ ಅಪಾಯವಿರುವಲ್ಲಿಗೆ ವಾಪಸ್ ಕಳಿಸಬೇಡಿ ಎಂದು ಕೇಳುವುದೊಂದೇ ಉಳಿದಿತ್ತು. ಅದೂ ತಪ್ಪಿದರೆ ವಿಮಾನ ಹತ್ತಿಸುತ್ತಿದ್ದರು.

ವಿಚಾರಣೆಯಲ್ಲಿ ಹುಟ್ಟಿದ ದಿನ ಕೇಳಿದಾಗ ಪಾಪ, ನಾಗರ ಪಂಚಮಿಯ ಮರುದಿನ ಎಂದು ನಿಜ ಹೇಳಿಬಿಟ್ಟಳು. ಪಾಸ್‌ಪೋರ್ಟಿನಲ್ಲಿ ಜೂನ್ ಒಂದು. ಸರ್ಕಾರದ ವಕೀಲರು ಅದನ್ನೇ ಹಿಡಿದು ಜಗ್ಗಿದರು.

"ಅಪ್ಪಾ, ಶಿ ಈಸ್ ಲೈಯಿಂಗ್ ಅಬೌಟ್ ಹರ್ ಓನ್ ಬರ್ತ್‌ಡೇ!" ಎಂದು ಮಗಳು ಕಂಗಾಲಾಗಿ ಫೋನ್ ಮಾಡಿದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. "ಆಕಿ ಸುಳ್ಳ ಹೇಳಿಲ್ಲವ್ವಾ. ಸುಳ್ಳ ಹೇಳಿದಾಂವ ನಿಮ್ಮಪ್ಪ," ಎಂದು ಜೂನ್ ಒಂದರ ಗುಟ್ಟನ್ನೆಲ್ಲ ಬಿಚ್ಚಿದೆ.

ವಕೀಲೆಯ ಅಪ್ಪ ಒಬ್ಬನೇ ಸಾಕ್ಷಿ ಹೇಳಿದರೆ ಯಾರು ನಂಬುತ್ತಾರೆ? ಮುಂದಿನ ವಿಚಾರಣೆಗೆ ಮೊದಲು ಇಲ್ಲಿನ ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ಮೈಕ್ ಕಸಿದುಕೊಂಡು, "ಜೂನ್ ಒಂದನೇ ತಾರೀಖಿನವರು ಕೈ ಎತ್ರಪಾ!" ಎಂದು ಕೂಗಿದೆ. ಊಟದ ಸಾಲಿನಲ್ಲಿದ್ದವರು ತಟ್ಟೆ ಹಿಡಿದೇ ಕೈ ಎತ್ತಿದರು. ಹನ್ನೊಂದು ಕೈ. ಅದರಲ್ಲೊಬ್ಬರು ಹೃದಯದ ಡಾಕ್ಟರು. ಹನ್ನೊಂದು ಜನವೂ ತಮ್ಮದೂ ಶಾಲೆಯಲ್ಲಿ ಗೀಚಿದ ತಾರೀಖೇ ಎಂದು ನೋಟರಿ ಮುಂದೆ ಪ್ರಮಾಣ ಮಾಡಿ ಪತ್ರ ಬರೆದುಕೊಟ್ಟರು, ನನ್ನದು ಹನ್ನೆರಡನೆಯದು.

ನ್ಯಾಯಾಧೀಶರು ಒಂದನ್ನೂ ಓದಲಿಲ್ಲವೆಂದು ಕಾಣುತ್ತದೆ. ತನ್ನ ಹುಟ್ಟಿದ ದಿನವನ್ನೇ ಸರಿಯಾಗಿ ಹೇಳದವಳ ಮಾತು ನಂಬಲಾಗದು ಎಂದು ಅರ್ಜಿ ತಳ್ಳಿಹಾಕಿದರು. ಅದರ ಮೇಲಿನ ವಲಸೆ ಮೇಲ್ಮನವಿ ಮಂಡಳಿಯೂ ಅದಕ್ಕೇ ತಲೆದೂಗಿತು. ನನ್ನ ರಕ್ತ ಕುದಿಯಿತು. ಮಗಳು ಮಾತ್ರ ಸುಮ್ಮನೆ ಮ್ಯಾನ್‌ಹಟನ್ನಿನ ಫೆಡರಲ್ ಮೇಲ್ಮನವಿ ಕೋರ್ಟಿಗೆ ಹೋದಳು.

ವಾದದ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಮನೆಯಲ್ಲಿ ಎರಡು ವಾಕ್ಯ ಕನ್ನಡ ಆಡಲು ತಡವರಿಸುವ ನನ್ನ ಮಗಳು ಮೂವರು ನ್ಯಾಯಾಧೀಶರಿಗೆ ನಮ್ಮ ಹೆಡ್ ಮಾಸ್ತರರ ಬಗ್ಗೆ ಹೇಳಿದಳು. ಅಳುಕಲಿಲ್ಲ, ಅಂಗಲಾಚಲಿಲ್ಲ. "ಈ ಹನ್ನೆರಡೂ ಜನ ಸುಳ್ಳುಗಾರರೇ?" ಎಂದು ಕೇಳಿದಳು. ಹೆಮ್ಮೆಯಿಂದ ಎದೆ ಉಬ್ಬಿತು, ಮುಚ್ಚಿಡುವುದೇಕೆ?

ಪತ್ರಗಳನ್ನು ಕಡೆಗಣಿಸಿದ್ದು ತಪ್ಪು, ಮತ್ತೆ ವಿಚಾರಣೆ ಮಾಡಿ ಎಂದು ಕೋರ್ಟು ಕೇಸನ್ನು ಹಿಂದಕ್ಕೆ ಕಳಿಸಿತು. ಎರಡನೇ ಸಲದ ವಿಚಾರಣೆಯಲ್ಲಿ ಅವಳಿಗೆ ರಕ್ಷಣೆ ಸಿಕ್ಕಿತು. ಗ್ರೀನ್ ಕಾರ್ಡ್ ಇಲ್ಲ, ಆದರೆ ಆ ಅಣ್ಣಂದಿರ ಕೈಗೆ ಅವಳನ್ನು ಕೊಡುವಂತಿಲ್ಲ.

ಈ ಸಲ ಜೂನ್ ಒಂದಕ್ಕೆ ಅವಳೂ ನಮ್ಮ ಮನೆಗೆ ಬಂದಳು. ಕೇಕಿನ ಮೇಲೆ ಇಬ್ಬರ ಹೆಸರಿತ್ತು. ಮೇಣದಬತ್ತಿಯನ್ನು ಅವಳ ಕಡೆ ತಿರುಗಿಸಿ, "ಊದವಾ, ಸುಳ್ಳ ಹುಟ್ಟಿದ ದಿನ," ಎಂದು ಕಾಡಿಸಿದೆ.

ಅವಳು ನಗಲಿಲ್ಲ. "ಇಲ್ರೀ ಅಂಕಲ್," ಎಂದಳು, "ಇನ್ನ ಮ್ಯಾಲ ಇದ ಖರೇ ದಿನ."