ಡ್ರಮೋರ್ನಿ ಧಣಿಯ ಮುತ್ತಜ್ಜಿ

ಇಷ್ಬೆಲ್ ಡ್ಯೂರಿಯನ್ನು ಮಣ್ಣು ಮಾಡಿ ಮೂರು ವಾರವಾಯಿತು. ನಮ್ಮ ಕಣಿವೆಯ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ಅವಳು ಊರವರ ವಂಶಾವಳಿ ಬರೆದುಕೊಡುತ್ತಿದ್ದಳು. "ಸಿಕ್ಕವರನ್ನೆಲ್ಲ ಬರೀತೀನಿ, ಆಮೇಲೆ ಅಳಬೇಡಿ" ಎಂದು ಮೊದಲೇ ಹೇಳುತ್ತಿದ್ದಳು. ನನ್ನ ಮನೆತನದಲ್ಲಿ ಕುರಿಗಳ್ಳನೊಬ್ಬ ಸಿಕ್ಕಾಗ ಅವಳಿಗೆ ಹಬ್ಬ. "ಅಂತೂ ನಿಮ್ಮನೇಲಿ ಚುರುಕಾದೋನು ಒಬ್ಬ ಇದ್ದ ಕಣೆ ನೆಟೀ!"

ಕಣಿವೆಗೆಲ್ಲ ಒಡೆಯನಾದ ಡ್ರಮೋರ್ನಿಯ ಅರ್ಲ್ ತನ್ನ ವಂಶದ ಪುಸ್ತಕ ಅಚ್ಚು ಹಾಕಿಸಲು ಅವಳನ್ನೇ ಕರೆದ. ಎರಡು ಚಳಿಗಾಲ ದುಡಿದು ಅವಳು ಅವನ ಮುತ್ತಜ್ಜಿಯನ್ನು ಹುಡುಕಿದಳು. ಹೆಸರು ಕರ್ಸ್ಟಿ ಗೌ. ಅರಮನೆಯ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವಳು. ಇಬ್ಬರು ಸಾಕ್ಷಿಗಳ ಮುಂದೆ ಅವಳೂ ಆಗಿನ ಅರ್ಲನೂ ಗಂಡ ಹೆಂಡಿರೆಂದು ಹೇಳಿಕೊಂಡಿದ್ದರು. ಪಾದ್ರಿ ಇರಲಿಲ್ಲ. ಸ್ಕಾಟ್ಲೆಂಡಿನ ಅಂದಿನ ಕಾನೂನಿಗೆ ಅಷ್ಟೇ ಸಾಕಿತ್ತು.

"ಇವಳನ್ನ ಬಿಟ್ಟುಬಿಡಿ ಟೀಚರೇ. ಮುತ್ತಜ್ಜನ ಅತ್ತೆ ಮಗಳು ಒಬ್ಬರಿದ್ದರಲ್ಲ, ಅವರ ಹೆಸರು ಹಾಕಿ" ಎಂದ ಅರ್ಲ್.

"ಅವರು ಮದುವೇನೇ ಆಗಲಿಲ್ಲ ಧಣಿ."

"ಓದೋರಿಗೆ ಗೊತ್ತಾ?"

"ಕರ್ಸ್ಟಿ ಇಲ್ದಿದ್ರೆ ನೀವೂ ಇರ್ತಿರಲಿಲ್ಲ."

ಅವನು ನಕ್ಕ. "ನಿಮ್ಮ ತಮ್ಮ ಡಾಡ್‌ನ ಗೇಣಿ ಈ ನವೆಂಬರಿಗೆ ಮುಗಿಯುತ್ತೆ, ಅಲ್ವಾ?"

ಮರುದಿನವೇ ಡಾಡ್ ಇಷ್ಬೆಲ್ ಮನೆಗೆ ಬಂದ. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

"ಅಕ್ಕಾ, ಸತ್ತು ಎಷ್ಟೋ ಕಾಲ ಆದೋಳು ಅವಳು. ಅವಳಿಗೇನು ಹೊಲ ಉಳಬೇಕಾ, ಕುರಿ ಮೇಯಿಸ್ಬೇಕಾ?"

ಇಷ್ಬೆಲ್ ಕರ್ಸ್ಟಿಯ ಹೆಸರಿದ್ದ ಹಾಳೆಯನ್ನು ಮಡಿಸಿಟ್ಟಳು. "ಹೋಗೋ, ಬರೆದುಕೊಡ್ತೀನಿ" ಎಂದಳು. ಬರೆದುಕೊಟ್ಟಳು.

ಪುಸ್ತಕ ಚರ್ಮದ ರಟ್ಟು ಹಾಕಿಕೊಂಡು ಬಂತು. ಆಮೇಲೆ ವಂಶಾವಳಿ ಕೇಳಿ ಬಂದವರಿಗೆಲ್ಲ ಅವಳು ಕಣ್ಣು ಮಂಜಾಗಿದೆ ಎನ್ನುತ್ತಿದ್ದಳು. ನನ್ನೆದುರು ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಿದ್ದಳು. ಮುಂದಿನ ವಸಂತಕ್ಕೆ ಅವಳ ಹೃದಯ ನಿಂತಿತು.

ನಮ್ಮಲ್ಲಿ ಶವಪೆಟ್ಟಿಗೆಯನ್ನು ಆಪ್ತರೇ ಹಗ್ಗ ಹಿಡಿದು ಗುಂಡಿಗೆ ಇಳಿಸುತ್ತಾರೆ. ತಲೆಯ ಕಡೆಯ ಹಗ್ಗ ಎಲ್ಲರಿಗಿಂತ ಹತ್ತಿರದವರದು. ಅದನ್ನು ಡಾಡ್ ಅರ್ಲನ ಕೈಗೆ ಕೊಟ್ಟ.

"ಇದೇನೋ?" ಎಂದೆ ಮೆಲ್ಲಗೆ.

"ಗೇಣಿ ಹೊಸದು ಮಾಡ್ಕೊಟ್ಟಿದಾರೆ ನೆಟಕ್ಕ. ಬೇಡ ಅನ್ನೋಕಾಗುತ್ತಾ?"

ಪೆಟ್ಟಿಗೆ ಇಳಿಯಿತು. ಅರ್ಲ್ ಕೈಗವಸು ಕೊಡವಿಕೊಂಡು ನನ್ನತ್ತ ತಿರುಗಿದ. "ನಮ್ಮ ವಂಶವನ್ನ ಇವರಷ್ಟು ಬಲ್ಲವರು ಇನ್ಯಾರೂ ಇಲ್ಲ."

"ಹೌದು ಧಣಿ," ಎಂದೆ. "ನಿಮಗೆ ಅನುಕೂಲವೇ ಆಯ್ತು."

ಡಾಡ್ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ.